ಕೊಡದ ವಿಳಾಸ, ಕೇಳದ ಓಲೆ

ವ್ಯಾಪಾರದಲ್ಲಿ ಕಳ್ಳತನವೆಂದರೆ ತಕ್ಕಡಿಯ ತಟ್ಟೆಯಡಿ ಮೇಣ ಅಂಟಿಸುವುದು, ಒಣ ಸರಕಿನಲ್ಲಿ ಹಸಿ ಸರಕು ಬೆರೆಸುವುದು, ಎರಡು ಬಗೆಯ ಲೆಕ್ಕದ ಪುಸ್ತಕ ಇಡುವುದು ಎಂದಷ್ಟೇ ತಿಳಿದಿದ್ದ ಕಾಲ ಕಳೆದುಹೋಗಿದೆ. ತೂಕದಲ್ಲಿ ಗುಲಗಂಜಿಯಷ್ಟೂ ತಪ್ಪದ ವರ್ತಕನೇ ಇಂದು ತನ್ನನ್ನು ಎಂದೂ ಕಂಡಿರದ, ತನ್ನಲ್ಲಿ ಏನನ್ನೂ ಕೇಳಿರದ ಸಾವಿರಾರು ಜನರ ಇ-ಮೇಲ್ ಪೆಟ್ಟಿಗೆಗೆ ತನ್ನ ಸರಕಿನ ಜಾಹೀರಾತನ್ನು ಒಂದೇ ಗುಂಡಿಯೊತ್ತಿ ಸುರಿಯುತ್ತಾನೆ. ಆ ಸಾವಿರಾರು ವಿಳಾಸಗಳು ಎಲ್ಲಿಂದ ಬಂದವೆಂದು ಕೇಳಿದರೆ, ‘ಒಬ್ಬ ಏಜೆಂಟನು ಕೊಟ್ಟ’ ಎನ್ನುತ್ತಾನೆ. ಅವರ ಒಪ್ಪಿಗೆ ಇದೆಯೇ ಎಂದು ಕೇಳಿದರೆ, ‘ಅದಕ್ಕೆ ಕಾನೂನೇನೂ ಇಲ್ಲವಲ್ಲ’ ಎನ್ನುತ್ತಾನೆ. ಈ ಎರಡು ಉತ್ತರಗಳಲ್ಲಿ ಮೊದಲನೆಯದು ಹೊಣೆಯಿಂದ ಜಾರಿಕೊಳ್ಳುವ ಮಾತು. ಎರಡನೆಯದು ಧರ್ಮದ ಪ್ರಶ್ನೆಗೆ ದಂಡಸಂಹಿತೆಯ ಪುಟ ತಿರುವಿ ತೋರಿಸುವ ಮಾತು.

ಇದು ಬೆಂಗಳೂರಿನ ದೊಡ್ಡ ಕಂಪೆನಿಗಳಿಗೆ ಸೇರಿದ ವಿಚಾರ, ಹಳ್ಳಿಯ ಮಂಡಿಗೂ ಊರಿನ ಬಸದಿಗೂ ಇದರ ಗೊಡವೆಯಿಲ್ಲವೆಂದು ಭಾವಿಸಬಾರದು. ಏತ ನೀರಾವರಿ ಯೋಜನೆಯ ಹೆಸರಿನಿಂದ ನಾಡಿಗೆಲ್ಲ ಪರಿಚಿತವಾಗಿರುವ ಹೊನ್ನಾಳಿ ತಾಲ್ಲೂಕಿನ ಸಾಸ್ವೆಹಳ್ಳಿಯಂತಹ ಊರನ್ನೇ ತೆಗೆದುಕೊಳ್ಳಬಹುದು. ಸುತ್ತಲೂ ಭತ್ತ, ಮೆಕ್ಕೆಜೋಳ, ಅಡಿಕೆ ಬೆಳೆಯುವ ಸೀಮೆ. ಅಲ್ಲಿನ ಒಬ್ಬ ಅಡಿಕೆ ವರ್ತಕನ ಮಗನು ಮನೆಯಲ್ಲಿ ಕುಳಿತೇ ಗಣಕಯಂತ್ರದ ಮೂಲಕ ಮುಂಬಯಿಗೂ ದೆಹಲಿಗೂ ಟೊರಾಂಟೊಗೂ ಬೆಲೆಪಟ್ಟಿ ಕಳುಹಿಸಬಲ್ಲನು. ಅಂಗಡಿಯ ಬಾಗಿಲು ಸಾಸ್ವೆಹಳ್ಳಿಯಲ್ಲಿದ್ದರೂ ಓಲೆಯು ತೆರೆದುಕೊಳ್ಳುವ ಬಾಗಿಲು ಬೇರೊಂದು ರಾಜ್ಯದ್ದು, ಬೇರೊಂದು ದೇಶದ್ದು. ಆ ಬಾಗಿಲಿಗೆ ಅಲ್ಲಿನ ನಿಯಮವಿದೆ, ಅದರ ಹಿಂದೆ ಒಬ್ಬ ಮನುಷ್ಯನಿದ್ದಾನೆ. ಎರಡನ್ನೂ ಮರೆತು ಮಾಡುವ ವ್ಯಾಪಾರವು ವ್ಯಾಪಾರವೆನಿಸುವುದಿಲ್ಲ, ನುಗ್ಗುವಿಕೆಯೆನಿಸುತ್ತದೆ.

ಈ ನುಗ್ಗುವಿಕೆಗೆ ಅರ್ಧ ಶತಮಾನದ ಚರಿತ್ರೆಯುಂಟು. 1978ರ ಮೇ 3ರಂದು ಅಮೆರಿಕದ ಡಿಜಿಟಲ್ ಎಕ್ವಿಪ್‌ಮೆಂಟ್ ಕಾರ್ಪೊರೇಷನ್ ಎಂಬ ಗಣಕಯಂತ್ರ ಕಂಪೆನಿಯ ಗ್ಯಾರಿ ಥರ್ಕ್ ಎಂಬ ಮಾರಾಟಗಾರನು ಆಗಿನ ಅರ್ಪಾನೆಟ್ ಜಾಲದಲ್ಲಿದ್ದ ಸುಮಾರು 400 ಜನರಿಗೆ ಒಂದೇ ಜಾಹೀರಾತನ್ನು ಒಮ್ಮೆಗೇ ಕಳುಹಿಸಿದನು. ಇಂತಹ ಮೊದಲ ಓಲೆ ಅದೆಂದು ಹೇಳುವುದು ರೂಢಿ. 1994ರ ಏಪ್ರಿಲಿನಲ್ಲಿ ಅರಿಜೋನಾದ ವಕೀಲ ದಂಪತಿಗಳಾದ ಕ್ಯಾಂಟರ್ ಮತ್ತು ಸೀಗಲ್, ವಲಸೆ ಪರವಾನಗಿಯ ಲಾಟರಿಗೆ ಅರ್ಜಿ ಬರೆದುಕೊಡುವ ತಮ್ಮ ವ್ಯವಹಾರದ ಪ್ರಚಾರವನ್ನು ಯೂಸ್‌ನೆಟ್ ಎಂಬ ಚರ್ಚಾಜಾಲದ ಸಾವಿರಾರು ಗುಂಪುಗಳಲ್ಲಿ ತುಂಬಿದರು. ಈ ಪಿಡುಗಿಗೆ ಅಂಟಿದ ‘ಸ್ಪ್ಯಾಮ್’ ಎಂಬ ಹೆಸರು ಮೂಲತಃ ಡಬ್ಬಿಯಲ್ಲಿ ಮಾರುವ ಒಂದು ಮಾಂಸದ ಸರಕಿನದು. ಬೇಡವೆಂದರೂ ಪ್ರತಿ ತಟ್ಟೆಯಲ್ಲೂ ಅದನ್ನೇ ಬಡಿಸುವ ಒಂದು ಹಾಸ್ಯಪ್ರಹಸನದಿಂದ ಆ ಹೆಸರು ಈ ಅರ್ಥಕ್ಕೆ ಬಂದಿತು. ಬೇಡವೆಂದರೂ ಬಡಿಸುವುದು ಎಂಬ ಈ ಅರ್ಥದಲ್ಲಿಯೇ ದೋಷದ ತಿರುಳೆಲ್ಲವೂ ಅಡಗಿದೆ.

ಅಂಚೆಯ ಓಲೆಗೂ ಇದಕ್ಕೂ ಇರುವ ವ್ಯತ್ಯಾಸವನ್ನು ವಾಣಿಜ್ಯದ ಲೆಕ್ಕದಲ್ಲಿಯೇ ಹೇಳಬಹುದು. ಹಿಂದೆ ಸಾವಿರ ಮನೆಗಳಿಗೆ ಬೆಲೆಪಟ್ಟಿ ಕಳುಹಿಸಬೇಕಾದರೆ ಕಾಗದಕ್ಕೆ, ಅಚ್ಚಿಗೆ, ಅಂಚೆಚೀಟಿಗೆ ವರ್ತಕನೇ ಹಣ ತೆರಬೇಕಾಗಿತ್ತು. ಖರ್ಚು ತನ್ನದಾಗಿದ್ದುದರಿಂದ ಯಾರಿಗೆ ಕಳುಹಿಸಬೇಕೆಂಬ ವಿವೇಚನೆಯೂ ತಾನಾಗಿ ಬರುತ್ತಿತ್ತು. ಇ-ಮೇಲಿನಲ್ಲಿ ಕಳುಹಿಸುವವನ ಖರ್ಚು ಇಲ್ಲವೆನ್ನುವಷ್ಟು ಕಡಿಮೆ. ಆದರೆ ಖರ್ಚು ಮಾಯವಾಗಿಲ್ಲ, ಪಡೆಯುವವನ ಖಾತೆಗೆ ವರ್ಗವಾಗಿದೆ. ಹತ್ತು ಸಾವಿರ ಜನರಿಗೆ ಒಂದು ಓಲೆ ಹೋಯಿತೆನ್ನಿ. ಒಬ್ಬೊಬ್ಬರೂ ಅದನ್ನು ನೋಡಿ ಅಳಿಸಿಹಾಕಲು ಕೇವಲ ಐದು ಸೆಕೆಂಡು ತೆತ್ತರೂ ಒಟ್ಟು 50,000 ಸೆಕೆಂಡು, ಅಂದರೆ ಹೆಚ್ಚುಕಡಮೆ 14 ಗಂಟೆ. ಒಬ್ಬನು ಒಂದು ಗುಂಡಿ ಒತ್ತಿ ಪರರ ಆಯುಷ್ಯದ 14 ಗಂಟೆಗಳನ್ನು ಖರ್ಚುಮಾಡಿಸಿದಂತಾಯಿತು. ಅಷ್ಟು ಬೆಲೆಯ ಅಡಿಕೆಯನ್ನು ಅವರ ಅಂಗಳದಿಂದ ಎತ್ತಿಕೊಂಡು ಬಂದಿದ್ದರೆ ಅದಕ್ಕೆ ಏನೆಂದು ಹೆಸರಿಡುತ್ತಿದ್ದರು?

ಹೊರದೇಶಗಳು ಇದನ್ನು ಬೇಗ ಗುರುತಿಸಿ ಕಾನೂನು ಮಾಡಿದವು. ಅಮೆರಿಕದ ‘ಕ್ಯಾನ್-ಸ್ಪ್ಯಾಮ್’ ಶಾಸನವು 2003ರ ಡಿಸೆಂಬರಿನಲ್ಲಿ ಅಂಗೀಕೃತವಾಗಿ 2004ರ ಜನವರಿ 1ರಿಂದ ಜಾರಿಗೆ ಬಂದಿತು. ಅದರ ವಿಧಿಗಳು ಸರಳವಾಗಿವೆ. ಕಳುಹಿಸಿದವನ ಹೆಸರನ್ನಾಗಲಿ ಓಲೆ ಹೊರಟ ದಾರಿಯನ್ನಾಗಲಿ ಮರೆಮಾಚಬಾರದು. ತಲೆಬರಹದಲ್ಲಿ ಒಂದು ಹೇಳಿ ಒಳಗೆ ಇನ್ನೊಂದನ್ನು ತುಂಬಬಾರದು. ಇದು ಜಾಹೀರಾತೆಂದು ತಿಳಿಸಬೇಕು. ವ್ಯಾಪಾರಸ್ಥಳದ ನಿಜವಾದ ಅಂಚೆ ವಿಳಾಸ ಇರಬೇಕು. ‘ಇನ್ನು ಬೇಡ’ ಎನ್ನಲು ಸುಲಭದ ದಾರಿಯಿರಬೇಕು. ಓಲೆ ಕಳುಹಿಸಿದ ಮೇಲೆ ಕನಿಷ್ಠ 30 ದಿನ ಆ ದಾರಿ ತೆರೆದಿರಬೇಕು. ಬೇಡವೆಂದವರಿಗೆ ಹತ್ತು ಕೆಲಸದ ದಿನಗಳೊಳಗೆ ಕಳುಹಿಸುವುದನ್ನು ನಿಲ್ಲಿಸಬೇಕು. ಬೇಡವೆಂದವರ ವಿಳಾಸವನ್ನು ಮತ್ತೊಬ್ಬರಿಗೆ ಮಾರಬಾರದು. ಓಲೆ ಕಳುಹಿಸುವ ಕೆಲಸವನ್ನು ಬೇರೊಂದು ಸಂಸ್ಥೆಗೆ ವಹಿಸಿದರೂ ಹೊಣೆ ತಪ್ಪುವುದಿಲ್ಲ. 2025ರ ಪರಿಷ್ಕರಣೆಯಂತೆ ತಪ್ಪಿದ ಪ್ರತಿಯೊಂದು ಓಲೆಗೂ 53,088 ಡಾಲರಿನವರೆಗೆ ದಂಡ ಬೀಳಬಹುದು.

ಆದರೆ ಈ ಶಾಸನದಲ್ಲಿ ಒಂದು ದೊಡ್ಡ ಸಡಿಲಿಕೆಯಿದೆ. ಮೊದಲ ಓಲೆಗೆ ಒಪ್ಪಿಗೆ ಕೇಳಬೇಕೆಂದು ಅದು ಹೇಳುವುದಿಲ್ಲ. ಬೇಡವೆಂದ ಮೇಲೆ ನಿಲ್ಲಿಸು ಎಂದಷ್ಟೇ ಹೇಳುತ್ತದೆ. ಯುರೋಪಿನ ದಾರಿ ಬೇರೆ. ಅಲ್ಲಿನ 2002ರ ನಿರ್ದೇಶನದಂತೆ ಮೊದಲೇ ಒಪ್ಪಿಗೆ ಪಡೆದಿರಬೇಕು. ತನ್ನಲ್ಲಿಯೇ ಕೊಂಡ ಗಿರಾಕಿಗೆ ಅದೇ ಬಗೆಯ ಸರಕಿನ ವಿಷಯ ತಿಳಿಸುವುದಕ್ಕೆ ಮಾತ್ರ, ಬೇಡವೆನ್ನುವ ಅವಕಾಶವನ್ನೂ ಕೊಟ್ಟು, ವಿನಾಯಿತಿಯುಂಟು. ಕೆನಡಾದ ಶಾಸನವು 2014ರ ಜುಲೈ 1ರಿಂದ ಜಾರಿಯಲ್ಲಿದೆ. ಒಪ್ಪಿಗೆ ಇತ್ತೆಂದು ಸಾಧಿಸುವ ಭಾರವನ್ನು ಅದು ಕಳುಹಿಸಿದವನ ಮೇಲೆಯೇ ಹೊರಿಸುತ್ತದೆ. ಸಂಸ್ಥೆಗಳಿಗೆ ಒಂದು ಕೋಟಿ ಕೆನಡಾ ಡಾಲರಿನವರೆಗೆ ದಂಡ ವಿಧಿಸಲು ಎಡೆಮಾಡಿಕೊಡುತ್ತದೆ. ಓಲೆ ತೆರೆದ ಗಣಕಯಂತ್ರ ಕೆನಡಾದಲ್ಲಿದ್ದರೆ ಸಾಕು, ಆ ಶಾಸನ ಅನ್ವಯಿಸುತ್ತದೆ. ‘ಸಾಸ್ವೆಹಳ್ಳಿಯವರೆಗೆ ಬಂದು ದಂಡ ವಸೂಲು ಮಾಡುವವರಾರು?’ ಎಂದು ನಗುವವರಿದ್ದಾರೆ. ಹಿಡಿಯುವವರಿಲ್ಲದ ಕಡೆ ಮಾಡಿದ ತಪ್ಪು ತಪ್ಪಲ್ಲವೆಂಬುದು ಅವರ ನಂಬಿಕೆಯಾದರೆ, ದೀಪವಾರಿದ ಮೇಲೆ ಅಳೆಯುವ ಸೇರಿಗೂ ಅದೇ ನ್ಯಾಯ ಅನ್ವಯಿಸಬೇಕಾದೀತು.

ಇನ್ನು ಸ್ವದೇಶದ ಸ್ಥಿತಿ. ದೂರವಾಣಿ ಕರೆಗೂ ಕಿರುಸಂದೇಶಕ್ಕೂ ಭಾರತದಲ್ಲಿ ಕಟ್ಟುಪಾಡುಗಳಿವೆ. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವು 2007ರಲ್ಲಿ ಮೊದಲ ನಿಯಮಾವಳಿ ತಂದಿತು. 2010ರಲ್ಲಿ ಅದನ್ನು ಬದಲಿಸಿತು. 2018ರಲ್ಲಿ ಮತ್ತೆ ಹೊಸದಾಗಿ ರೂಪಿಸಿ 2025ರ ಫೆಬ್ರುವರಿಯಲ್ಲಿ ತಿದ್ದುಪಡಿ ಮಾಡಿ ಬಿಗಿಗೊಳಿಸಿತು. ಬೇಡದ ಕರೆ ಬಂದರೆ 1909 ಸಂಖ್ಯೆಗೆ ದೂರು ಕೊಡಬಹುದೆಂಬುದು ಇಂದು ಹಲವು ಮನೆಗಳಲ್ಲಿ ತಿಳಿದ ವಿಷಯ. ಆದರೆ ಈ ನಿಯಮಾವಳಿಗೆ ಕರೆ ಮತ್ತು ಕಿರುಸಂದೇಶಗಳಷ್ಟೇ ಸೇರಿವೆ, ಇ-ಮೇಲ್ ಸೇರಿಲ್ಲ. ಪೀಡೆಕೊಡುವ ಅಥವಾ ಮೂಲವನ್ನು ಮರೆಮಾಚುವ ಇ-ಮೇಲನ್ನು ಹೆಸರಿಸಿದ್ದ ಒಂದು ಉಪವಿಧಿಯು ಮಾಹಿತಿ ತಂತ್ರಜ್ಞಾನ ಅಧಿನಿಯಮದ 66ಎ ಪ್ರಕರಣದಲ್ಲಿತ್ತು. ಆ ಪ್ರಕರಣವನ್ನು ಸರ್ವೋಚ್ಚ ನ್ಯಾಯಾಲಯವು 2015ರ ಮಾರ್ಚ್ 24ರಂದು ಶ್ರೇಯಾ ಸಿಂಘಾಲ್ ಮೊಕದ್ದಮೆಯಲ್ಲಿ ರದ್ದುಪಡಿಸಿತು. ಅದರ ಪದಗಳು ಅಸ್ಪಷ್ಟವಾಗಿ ವಾಕ್‌ಸ್ವಾತಂತ್ರ್ಯವನ್ನೇ ಹೊಸಕುತ್ತಿದ್ದುದರಿಂದ ಆ ತೀರ್ಪು ಯುಕ್ತವಾದುದೇ. ಆದರೆ ಪ್ರಕರಣ ಹೋಯಿತೆಂದು ಪೀಡೆ ಹೋಗಲಿಲ್ಲ. ‘ಕಾನೂನಿಲ್ಲ’ ಎನ್ನುವವರ ಇಡೀ ವಾದ ನಿಂತಿರುವುದು ಈ ಖಾಲಿ ಜಾಗದ ಮೇಲೆ.

ಆ ಜಾಗವೂ ಈಗ ಖಾಲಿಯಾಗಿ ಉಳಿದಿಲ್ಲ. ಖಾಸಗಿತನವು ಮೂಲಭೂತ ಹಕ್ಕೆಂದು ಸರ್ವೋಚ್ಚ ನ್ಯಾಯಾಲಯದ ಒಂಬತ್ತು ನ್ಯಾಯಮೂರ್ತಿಗಳ ಪೀಠವು 2017ರ ಆಗಸ್ಟ್ 24ರಂದು ಒಮ್ಮತದಿಂದ ಸಾರಿತು. ಆ ಮೊಕದ್ದಮೆಯ ಅರ್ಜಿದಾರರು ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು ಎಂಬುದು ಕನ್ನಡಿಗರು ನೆನೆಯತಕ್ಕ ಸಂಗತಿ. ಆ ತೀರ್ಪಿನ ನೆರಳಿನಲ್ಲಿ 2023ರ ಆಗಸ್ಟಿನಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಅಧಿನಿಯಮ ಬಂದಿತು. 2025ರ ನವೆಂಬರಿನಲ್ಲಿ ಅದರ ನಿಯಮಗಳು ಪ್ರಕಟವಾದವು. ಮುಖ್ಯ ಕರ್ತವ್ಯಗಳಿಗೆ 18 ತಿಂಗಳ ಅವಧಿ ನಿಗದಿಯಾಗಿದೆ. ಲೆಕ್ಕ ಹಾಕಿದರೆ 2027ರ ಮೇ ತಿಂಗಳು. ಹೆಸರು, ದೂರವಾಣಿ ಸಂಖ್ಯೆ, ಇ-ಮೇಲ್ ವಿಳಾಸ ಇವೆಲ್ಲ ವೈಯಕ್ತಿಕ ದತ್ತಾಂಶಗಳೇ. ಅವುಗಳನ್ನು ಬಳಸಲು ಕೊಡುವ ಒಪ್ಪಿಗೆಯು ಸ್ವತಂತ್ರವಾಗಿ, ಒಂದು ನಿರ್ದಿಷ್ಟ ಉದ್ದೇಶಕ್ಕಾಗಿ, ತಿಳಿದು, ಷರತ್ತಿಲ್ಲದೆ, ಸಂದೇಹಕ್ಕೆ ಎಡೆಯಿಲ್ಲದಂತೆ ಕೊಟ್ಟದ್ದಾಗಿರಬೇಕು. ಕೊಟ್ಟಷ್ಟೇ ಸುಲಭವಾಗಿ ಅದನ್ನು ಹಿಂದೆಗೆದುಕೊಳ್ಳುವಂತಿರಬೇಕು. ಒಪ್ಪಿಗೆ ಕೇಳುವ ಬರಹವನ್ನು ಇಂಗ್ಲಿಷಿನಲ್ಲಿ ಅಥವಾ ಸಂವಿಧಾನದ ಎಂಟನೆಯ ಅನುಸೂಚಿಯ ಭಾಷೆಗಳಲ್ಲಿ, ಎಂದರೆ ಕನ್ನಡದಲ್ಲಿಯೂ, ಓದಿಕೊಳ್ಳುವ ಅವಕಾಶ ಕೊಡಬೇಕು. ಗಂಭೀರವಾದ ಉಲ್ಲಂಘನೆಗೆ ದಂಡವು 250 ಕೋಟಿ ರೂಪಾಯಿಗಳವರೆಗೆ ಏರಬಹುದು.

ಈ ಅಧಿನಿಯಮದೊಳಗೆ ಒಂದು ಉದಾಹರಣೆಯಿದೆ. ಔಷಧದ ಅಂಗಡಿಯಲ್ಲಿ ಕೊಂಡವಳೊಬ್ಬಳು, ಹಣ ಸಂದ ರಸೀದಿಯನ್ನು ತನ್ನ ಮೊಬೈಲಿಗೆ ಕಳುಹಿಸೆಂದು ಸಂಖ್ಯೆ ಕೊಡುತ್ತಾಳೆ. ಅಂಗಡಿಯವನು ರಸೀದಿ ಕಳುಹಿಸುವುದಕ್ಕೆ ಆ ಸಂಖ್ಯೆಯನ್ನು ಬಳಸಬಹುದು. ಸಾಮಾನ್ಯವಾದ ಈ ಉದಾಹರಣೆ ಬಹಳ ದೂರ ಹೋಗುತ್ತದೆ. ರಸೀದಿಗಾಗಿ ಕೊಟ್ಟ ಸಂಖ್ಯೆ ರಸೀದಿಗಷ್ಟೇ. ಹಬ್ಬದ ರಿಯಾಯಿತಿಯ ಓಲೆಗೆ ಅದು ಕೊಟ್ಟದ್ದಲ್ಲ. ಈ ಗೆರೆಯನ್ನು ಎಷ್ಟು ಮಂಡಿಗಳು, ಎಷ್ಟು ಬಟ್ಟೆಯಂಗಡಿಗಳು, ಎಷ್ಟು ಟ್ರಸ್ಟ್‌ಗಳು ಇಂದು ಪಾಲಿಸುತ್ತಿವೆ?

ಶ್ರಾವಕರಿಗೆ ಈ ಗೆರೆ ಹೊಸದಲ್ಲ. ಕೊಡದೆ ಇದ್ದುದನ್ನು ತೆಗೆದುಕೊಳ್ಳುವುದೇ ಕಳ್ಳತನವೆಂಬ ಅದತ್ತಾದಾನದ ವ್ಯಾಖ್ಯೆಯಲ್ಲಿ ವಸ್ತುವಿನ ಬೆಲೆಯ ಮಾತೇ ಇಲ್ಲ, ಕೊಡುವಿಕೆಯ ಮಾತು ಮಾತ್ರ ಇದೆ. ಅಚೌರ್ಯವ್ರತದ ಅತಿಚಾರಗಳಲ್ಲಿ ವಿರುದ್ಧರಾಜ್ಯಾತಿಕ್ರಮವನ್ನೂ ಎಣಿಸಿದ್ದಾರೆ. ರಾಜ್ಯದ ಕಟ್ಟಳೆಯನ್ನು ಮೀರಿ ವ್ಯವಹಾರ ನಡೆಸುವುದೆಂದು ಅದನ್ನು ಇಂದು ಸಾಮಾನ್ಯವಾಗಿ ವಿವರಿಸುತ್ತಾರೆ. ಅದೇ ಸಾಲಿನ ಪ್ರತಿರೂಪಕವ್ಯವಹಾರವು ಅಸಲು ತೋರಿಸಿ ನಕಲು ಕೊಡುವುದು. ರಾಶಿ ಅಡಿಕೆಯ ಮಾದರಿ ತೋರಿಸಿ ಚೀಲದಲ್ಲಿ ಗೊರಬಲು ತುಂಬುವವನಿಗೂ, ‘ನಿಮ್ಮ ಪತ್ರಕ್ಕೆ ಉತ್ತರ’ ಎಂದು ತಲೆಬರಹವಿಟ್ಟು ಒಳಗೆ ಸಾಲಯೋಜನೆಯ ಜಾಹೀರಾತು ತುಂಬುವವನಿಗೂ ಯಾವ ಅಂತರವಿದೆ? ಸತ್ಯವ್ರತದ ಅತಿಚಾರವಾದ ಕೂಟಲೇಖಕ್ರಿಯೆ ಎಂದರೆ ಒಬ್ಬನು ಹೇಳದ ಮಾತನ್ನು ಅವನು ಹೇಳಿದಂತೆ ಬರೆಯುವುದು. ಕಳುಹಿಸಿದವನ ಹೆಸರನ್ನು ತಿರುಚಿದ ಇ-ಮೇಲಿಗೆ ಇದಕ್ಕಿಂತ ತಕ್ಕ ಹೆಸರು ಯಾವ ದೇಶದ ಶಾಸನದಲ್ಲಿಯೂ ಸಿಗಲಾರದು.

ಎಲ್ಲಕ್ಕಿಂತ ಮಿಗಿಲಾಗಿ ಮನನ ಮಾಡಬೇಕಾದುದು ನ್ಯಾಸಾಪಹಾರವನ್ನು. ಅಡವಿಟ್ಟ, ನಂಬಿ ಇಟ್ಟ ವಸ್ತುವನ್ನು ಇಟ್ಟವನು ಎಷ್ಟಿತ್ತೆಂಬುದನ್ನು ಮರೆತು ಕಡಿಮೆ ಕೇಳಿದಾಗ, ‘ಹೌದು, ಅಷ್ಟೇ ಇತ್ತು’ ಎಂದು ಉಳಿದುದನ್ನು ತಾನಿಟ್ಟುಕೊಳ್ಳುವುದೇ ನ್ಯಾಸಾಪಹಾರ. ಇಲ್ಲಿ ಯಾರ ಕೈಯಿಂದಲೂ ಕಿತ್ತುಕೊಂಡದ್ದಿಲ್ಲ. ಇಟ್ಟವನ ಮರೆವಿನ ಮೇಲೆ ಲಾಭ ಮಾಡಿಕೊಂಡದ್ದಷ್ಟೆ. ಇ-ಮೇಲ್ ವಿಳಾಸಗಳ ವ್ಯಾಪಾರವೆಲ್ಲ ನಡೆಯುವುದು ಇಂತಹ ಮರೆವಿನ ಮೇಲೆಯೇ. ಹತ್ತು ವರ್ಷಗಳ ಹಿಂದೆ ಒಂದು ಪೂಜೆಯ ರಸೀದಿಗೆಂದು, ಒಂದು ಮದುವೆ ಛತ್ರದ ಮುಂಗಡಕ್ಕೆಂದು ಬರೆದುಕೊಟ್ಟ ವಿಳಾಸವನ್ನು ಕೊಟ್ಟವನು ಎಂದೋ ಮರೆತಿರುತ್ತಾನೆ. ಪಡೆದವನು ಮಾತ್ರ ಮರೆತಿರುವುದಿಲ್ಲ.

ಈಗ ಸಬೂಬುಗಳನ್ನು ಒಂದೊಂದಾಗಿ ನೋಡಬೇಕು. ಮೊದಲನೆಯದು, ‘ಬೇಡವೆನ್ನಲು ಓಲೆಯ ಕೊನೆಯಲ್ಲಿ ದಾರಿ ಕೊಟ್ಟಿದ್ದೇವಲ್ಲ’ ಎಂಬುದು. ಕರೆಯದೆ ಮನೆಯ ಪಡಸಾಲೆಯಲ್ಲಿ ಬಂದು ಕುಳಿತವನು, ‘ಹೋಗೆಂದರೆ ಹೋಗುತ್ತೇನೆ’ ಎಂದರೆ ಅದು ಸೌಜನ್ಯವಾಗುವುದಿಲ್ಲ. ಎಬ್ಬಿಸಿ ಕಳುಹಿಸುವ ಭಾರವನ್ನು ಮನೆಯವನ ಮೇಲೆ ಹೊರಿಸಿದಂತಾಯಿತು. ಅಷ್ಟೇ ಅಲ್ಲ, ಆ ದಾರಿಯನ್ನು ಓದಲಾಗದಷ್ಟು ಸಣ್ಣ ಅಕ್ಷರದಲ್ಲಿ ಬಚ್ಚಿಡುವವರು, ಒಂದು ಬಾಗಿಲು ತೆರೆದರೆ ಇನ್ನೂ ಮೂರು ಬಾಗಿಲು ತೋರಿಸುವವರು, ‘ಉಳಿತಾಯ ಬೇಡವೆ?’ ಎಂದು ನಾಚಿಕೆಪಡಿಸುವವರು ಅನೇಕರು. ಇಂತಹ ಹದಿಮೂರು ಬಗೆಯ ಕಪಟಗಳನ್ನು ಗ್ರಾಹಕ ಸಂರಕ್ಷಣಾ ಕಾನೂನಿನಡಿ 2023ರ ನವೆಂಬರಿನ ಮಾರ್ಗಸೂಚಿಗಳು ಪಟ್ಟಿಮಾಡಿ ನಿಷೇಧಿಸಿವೆ. ಚಾಪೆಯ ಕೆಳಗೆ ತೂರಿದರೆ ರಂಗೋಲಿಯ ಕೆಳಗೆ ತೂರುವ ಬುದ್ಧಿಗೆ ಎಷ್ಟು ಪಟ್ಟಿಯಾದರೂ ಸಾಲದು, ಬುದ್ಧಿಯೇ ತಿರುಗಬೇಕು.

ಎರಡನೆಯದು, ‘ಕಳುಹಿಸಿದ್ದು ಏಜೆನ್ಸಿಯವರು’ ಎಂಬುದು. ತಾನು ಮಾಡಿದ್ದು, ಪರರಿಂದ ಮಾಡಿಸಿದ್ದು, ಮಾಡಿದ್ದನ್ನು ಅನುಮೋದಿಸಿದ್ದು, ಈ ಮೂರಕ್ಕೂ ಕರ್ಮಬಂಧ ಒಂದೇ ಎಂಬುದನ್ನು ಪಾಠಶಾಲೆಯ ಮಕ್ಕಳೂ ಬಲ್ಲರು. ಕೃತ, ಕಾರಿತ, ಅನುಮೋದಿತ ಎಂದು ಬಾಯಿಪಾಠ ಮಾಡಿದವರು ಗುತ್ತಿಗೆಪತ್ರಕ್ಕೆ ಸಹಿ ಹಾಕುವಾಗ ಅದನ್ನು ಮರೆಯುವುದು ವಿಚಿತ್ರ. ವಿದೇಶದ ಶಾಸನವೂ ಇದೇ ಮಾತನ್ನು ತನ್ನ ಭಾಷೆಯಲ್ಲಿ ಹೇಳಿದೆ.

ಮೂರನೆಯದು ತೂಕವುಳ್ಳ ವಾದ. ಅದನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ದೊಡ್ಡ ಕಂಪೆನಿಗಳು ಕೋಟಿಗಟ್ಟಲೆ ಹಣ ಚೆಲ್ಲಿ ದೂರದರ್ಶನದಲ್ಲಿ, ಪತ್ರಿಕೆಗಳಲ್ಲಿ ಜಾಹೀರಾತು ಕೊಡುತ್ತವೆ. ಚನ್ನಗಿರಿಯ, ನ್ಯಾಮತಿಯ, ಜಗಳೂರಿನ ಸಣ್ಣ ವರ್ತಕನಿಗೆ ಆ ಶಕ್ತಿಯಿಲ್ಲ. ಖರ್ಚಿಲ್ಲದ ಇ-ಮೇಲನ್ನೂ ಬಿಡೆಂದರೆ ಅವನು ಬದುಕುವುದು ಹೇಗೆ? ಪ್ರಶ್ನೆ ನಿಜವಾದುದು, ಉತ್ತರವೂ ಕೈಗೆಟುಕುವಂತಹದೇ. ಯಾರೂ ಇ-ಮೇಲನ್ನು ಬಿಡೆನ್ನುತ್ತಿಲ್ಲ, ಕೇಳಿ ಕಳುಹಿಸು ಎನ್ನುತ್ತಿದ್ದಾರೆ. ಅಂಗಡಿಗೆ ಬಂದ ಗಿರಾಕಿಯನ್ನು ‘ಹೊಸ ಸರಕು ಬಂದರೆ ತಿಳಿಸಲೇ?’ ಎಂದು ಕೇಳಲು ಕಾಸು ಖರ್ಚಾಗುವುದಿಲ್ಲ. ಹೌದೆಂದ ನಲವತ್ತು ಜನರ ಪಟ್ಟಿಯು ಕೊಂಡುತಂದ ನಲವತ್ತು ಸಾವಿರ ಹೆಸರುಗಳಿಗಿಂತ ಬೆಲೆಬಾಳುತ್ತದೆ.

ಇದು ಬರಿಯ ಉಪದೇಶವಲ್ಲ, ಲೆಕ್ಕವೂ ಹೌದು. 2024ರ ಫೆಬ್ರುವರಿಯಿಂದ ಗೂಗಲ್ ಮತ್ತು ಯಾಹೂ ಸಂಸ್ಥೆಗಳು ರಾಶಿರಾಶಿಯಾಗಿ ಓಲೆ ಕಳುಹಿಸುವವರಿಗೆ ಕಟ್ಟುನಿಟ್ಟು ವಿಧಿಸಿವೆ. ದಿನಕ್ಕೆ 5,000ಕ್ಕಿಂತ ಹೆಚ್ಚು ಓಲೆಗಳನ್ನು ಜಿಮೇಲ್ ವಿಳಾಸಗಳಿಗೆ ಕಳುಹಿಸುವವನು ತಾನು ಯಾರೆಂಬುದನ್ನು ಎಸ್‌ಪಿಎಫ್, ಡಿಕಿಮ್, ಡಿಮಾರ್ಕ್ ಎಂಬ ಮೂರು ತಾಂತ್ರಿಕ ಗುರುತುಗಳಿಂದ ಸಾಬೀತುಪಡಿಸಬೇಕು. ಒಂದೇ ಒತ್ತಿಗೆ ‘ಬೇಡ’ ಎನ್ನುವ ಗುಂಡಿ ಕೊಡಬೇಕು. ಪೀಡೆಯೆಂಬ ದೂರುಗಳ ಪ್ರಮಾಣ ಶೇಕಡಾ 0.3 ಮುಟ್ಟಬಾರದು. ಎಂದರೆ 5,000 ಓಲೆಗಳಿಗೆ 15 ಜನ ದೂರಿದರೆ ಮಿತಿ ತುಂಬಿತು. ಅನಂತರ ಆ ವರ್ತಕನ ನಿಜವಾದ ರಸೀದಿಯೂ, ನಿಜವಾದ ಬಾಕಿಯ ಪಟ್ಟಿಯೂ ಗಿರಾಕಿಯ ಕಸದ ಪೆಟ್ಟಿಗೆಗೇ ಹೋಗಿ ಬೀಳಬಹುದು. ಹೆಸರು ಕೆಟ್ಟ ಮೇಲೆ ಒಳ್ಳೆಯ ಸರಕನ್ನೂ ಕೊಳ್ಳುವವರಿರುವುದಿಲ್ಲವೆಂಬುದು ಮಂಡಿಯ ಹಳೆಯ ಅನುಭವ. ಯಂತ್ರವು ಈಗ ಅದನ್ನೇ ಅಂಕಿಗಳಲ್ಲಿ ಹೇಳುತ್ತಿದೆ.

ನಾಲ್ಕನೆಯ ಸಬೂಬು ಟ್ರಸ್ಟ್‌ಗಳದು: ‘ಇದು ವ್ಯಾಪಾರವಲ್ಲ, ಧರ್ಮಕಾರ್ಯ.’ ಅಭಿಷೇಕಕ್ಕೆ, ಜೀರ್ಣೋದ್ಧಾರಕ್ಕೆ, ಶಾಸ್ತ್ರದಾನಕ್ಕೆ ನೆರವು ಕೇಳುವುದು ತಪ್ಪಲ್ಲ. ಆದರೆ ಕಾನೂನಿನ ಕಣ್ಣಿನಲ್ಲಿ ಗಣಕಯಂತ್ರದಲ್ಲಿ ಭಕ್ತರ ಹೆಸರು-ವಿಳಾಸ ಇಟ್ಟುಕೊಂಡು ಅದನ್ನು ಯಾವುದಕ್ಕೆ ಬಳಸಬೇಕೆಂದು ನಿರ್ಧರಿಸುವ ಸಂಸ್ಥೆಗೂ ಅಂಗಡಿಗೂ ಭೇದವಿಲ್ಲ. ಹಳೆಯ ರಿಜಿಸ್ಟರಿನಲ್ಲಿ ಶಾಯಿಯಿಂದ ಬರೆದ ಹೆಸರುಗಳಿಗೆ ಈ ಅಧಿನಿಯಮ ಅನ್ವಯಿಸದಿರಬಹುದು. ಅವುಗಳನ್ನು ಗಣಕಯಂತ್ರಕ್ಕೆ ಏರಿಸಿದ ಕೂಡಲೇ ಅನ್ವಯಿಸುತ್ತದೆ. ಇನ್ನೊಂದು ಸೂಕ್ಷ್ಮವಿದೆ. ವ್ಯಕ್ತಿಯು ತಾನೇ ಸಾರ್ವಜನಿಕಗೊಳಿಸಿದ ಮಾಹಿತಿಗೆ ಅಧಿನಿಯಮದಲ್ಲಿ ವಿನಾಯಿತಿಯುಂಟು. ಆದರೆ ಸಮಾಜದ ವಿಳಾಸಪುಸ್ತಕದಲ್ಲಿ ಸಂಘವು ಅಚ್ಚುಹಾಕಿಸಿದ ವಿಳಾಸವನ್ನು ವ್ಯಕ್ತಿಯು ತಾನೇ ಸಾರ್ವಜನಿಕಗೊಳಿಸಿದನೆಂದು ಹೇಳಲಾಗದು. ವಿಳಾಸಪುಸ್ತಕದಲ್ಲಿ ಹೆಸರಿದೆಯೆಂದು ಅದರಲ್ಲಿರುವ ಮನೆಮನೆಗೂ ಚಿನ್ನದ ಯೋಜನೆ, ನಿವೇಶನ, ವಿಮೆ ಮಾರಲು ಹೊರಡುವವರು ಇದನ್ನು ಗಮನಿಸತಕ್ಕದ್ದು.

ಇಲ್ಲಿ ನೇರವಾಗಿ ಒಂದು ಮಾತನ್ನು ಹೇಳಲೇಬೇಕಾಗಿದೆ. ಟ್ರಸ್ಟಿನ ಪಟ್ಟಿಯು ಆಡಳಿತ ಮಂಡಳಿಯವರ ಸ್ವಂತ ಆಸ್ತಿಯಲ್ಲ. ಪದಾಧಿಕಾರಿಯೊಬ್ಬನು ಅದನ್ನು ತನ್ನ ಅಂಗಡಿಗೆ, ಅಳಿಯನ ಕಂಪೆನಿಗೆ, ಪರಿಚಿತ ಏಜೆಂಟನಿಗೆ ನಕಲು ಮಾಡಿಕೊಟ್ಟರೆ ಅದು ದೇವದ್ರವ್ಯವನ್ನು ಮನೆಗೆ ಒಯ್ದಷ್ಟೇ ಹೀನವಾದ ಕೆಲಸ. ಹುಂಡಿಯ ಕಾಸಿಗೆ ಲೆಕ್ಕಪರಿಶೋಧನೆ ಮಾಡಿಸುವ ಟ್ರಸ್ಟ್‌ಗಳು ಭಕ್ತರ ವಿಳಾಸಕ್ಕೆ ಲೆಕ್ಕವಿಲ್ಲದಿರುವುದನ್ನು ಸಹಿಸುತ್ತವೆ. ಶ್ರವಣಬೆಳಗೊಳದ ಬಾಹುಬಲಿಯ ಮಹಾಮಸ್ತಕಾಭಿಷೇಕವು 2018ರಲ್ಲಿ ನಡೆಯಿತು. ಹನ್ನೆರಡು ವರ್ಷಗಳ ರೂಢಿಯಂತೆ ಮುಂದಿನದು 2030ಕ್ಕೆ ಬರುತ್ತದೆ. ಅಂತಹ ಮಹೋತ್ಸವಗಳ ಸಮಯದಲ್ಲಿ ದೇಶವಿದೇಶಗಳ ಅಸಂಖ್ಯ ಕುಟುಂಬಗಳು ಊರೂರಿನ ಸಂಘಗಳಲ್ಲಿ ನಂಬಿ ಹೆಸರು ಬರೆಸುತ್ತವೆ. ಆ ನಂಬಿಕೆಯು ಉತ್ಸವ ಮುಗಿದ ಮೇಲೆ ಯಾರ ಸರಕಾಗುತ್ತದೆಂಬುದನ್ನು ಈಗಲೇ ತೀರ್ಮಾನಿಸಬೇಕು.

ಇದರಲ್ಲಿ ಕಿರಿಕಿರಿಗಿಂತ ದೊಡ್ಡದಾದ ಅಪಾಯವೂ ಇದೆ. ಮನೆಯಲ್ಲಿ ಒಂಟಿಯಾಗಿರುವ ವೃದ್ಧರು, ಮಕ್ಕಳು ಹೊರನಾಡಿನಲ್ಲಿರುವ ತಾಯಂದಿರು ಇಂದು ಬ್ಯಾಂಕಿನ ಹೆಸರಿನಲ್ಲಿ, ಪೊಲೀಸರ ಹೆಸರಿನಲ್ಲಿ ಬರುವ ವಂಚನೆಯ ಸಂದೇಶಗಳ ನಡುವೆ ಬದುಕುತ್ತಿದ್ದಾರೆ. ಕೈಯಿಂದ ಕೈಗೆ ಸಾಗುವ ವಿಳಾಸಪಟ್ಟಿ ಕೊನೆಗೆ ಯಾವ ಕೈ ಸೇರುತ್ತದೆಂದು ಮೊದಲು ಕೊಟ್ಟವನಿಗೂ ತಿಳಿಯದು. ಅದಕ್ಕೂ ಮಿಗಿಲಾದ ಕೇಡು ಇನ್ನೊಂದು. ಪರಿಚಿತ ಸಂಸ್ಥೆಗಳೇ ಕೇಳದೆ ಓಲೆ ಕಳುಹಿಸತೊಡಗಿದರೆ, ಕೇಳದೆ ಬಂದ ಓಲೆಯನ್ನು ನಂಬುವುದು ಆ ವೃದ್ಧರಿಗೆ ಅಭ್ಯಾಸವಾಗುತ್ತದೆ. ಸಜ್ಜನನು ತೆರೆದಿಟ್ಟ ಬಾಗಿಲಿನಿಂದಲೇ ಕಳ್ಳನು ಒಳಗೆ ಬರುತ್ತಾನೆ. ‘ನಾವು ಯಾರಿಗೂ ಮೋಸ ಮಾಡಿಲ್ಲ’ ಎಂದು ಸಮಾಧಾನ ಹೇಳಿಕೊಳ್ಳುವ ಸಂಸ್ಥೆಗಳು ಈ ಪರೋಕ್ಷ ಹಿಂಸೆಯ ಪಾಲನ್ನು ಯಾವ ಖಾತೆಯಲ್ಲಿ ಬರೆದುಕೊಳ್ಳುತ್ತವೆ?

ಮಾಡತಕ್ಕುದು ಕಷ್ಟವಾದುದಲ್ಲ. ರಸೀದಿ ಪುಸ್ತಕದಲ್ಲಿಯೂ ಗಣಕಯಂತ್ರದ ಪಟ್ಟಿಯಲ್ಲಿಯೂ ವಿಳಾಸದ ಪಕ್ಕದಲ್ಲಿ ಇನ್ನೊಂದು ಅಂಕಣ ಹಾಕಲಿ: ಯಾವುದಕ್ಕೆ ಒಪ್ಪಿಗೆ, ಯಾವ ದಿನ. ಒಪ್ಪಿಗೆಯ ವಾಕ್ಯ ಕನ್ನಡದಲ್ಲಿರಲಿ, ಎರಡೇ ಸಾಲಿರಲಿ. ಗುರುತಿನ ಚೌಕವನ್ನು ಭಕ್ತನೋ ಗಿರಾಕಿಯೋ ತಾನೇ ತುಂಬಲಿ, ಮೊದಲೇ ತುಂಬಿಟ್ಟ ಚೌಕ ಬೇಡ. ಪೂಜೆಯ ರಸೀದಿಯೇ ಬೇರೆ, ದೇಣಿಗೆಯ ಮನವಿಯೇ ಬೇರೆ, ವ್ಯಾಪಾರದ ಜಾಹೀರಾತೇ ಬೇರೆ. ಒಂದಕ್ಕೆ ಕೊಟ್ಟ ಒಪ್ಪಿಗೆಯನ್ನು ಇನ್ನೊಂದಕ್ಕೆ ಎಳೆಯದಿರಲಿ. ಪ್ರತಿ ಓಲೆಯಲ್ಲಿಯೂ ಕಳುಹಿಸಿದವರ ನಿಜವಾದ ಹೆಸರು, ಊರು, ಅಂಚೆ ವಿಳಾಸ, ದೂರವಾಣಿ ಸಂಖ್ಯೆ ಇರಲಿ. ಬೇಡವೆಂದವರ ಹೆಸರನ್ನು ಶಾಸನದ ಹತ್ತು ದಿನಕ್ಕೆ ಕಾಯದೆ ಅಂದೇ ತೆಗೆಯಲಿ. ಪಟ್ಟಿಯನ್ನು ಕೊಳ್ಳುವುದಾಗಲಿ, ಮಾರುವುದಾಗಲಿ, ಎರವಲು ಕೊಡುವುದಾಗಲಿ ಇಲ್ಲವೆಂದು ಪ್ರತಿ ಟ್ರಸ್ಟೂ ಸರ್ವಸದಸ್ಯರ ಸಭೆಯಲ್ಲಿ ನಿರ್ಣಯ ಮಾಡಿ ನಡವಳಿ ಪುಸ್ತಕದಲ್ಲಿ ದಾಖಲಿಸಲಿ. ಪಟ್ಟಿಯ ಹೊಣೆಯನ್ನು ಹೆಸರು ಹೇಳಿ ಒಬ್ಬರಿಗೆ ವಹಿಸಲಿ. ಹಿಂದೆಯೇ ಸಂಗ್ರಹಿಸಿದ ಹಳೆಯ ಹೆಸರುಗಳಿಗೂ ತಿಳುವಳಿಕೆ ಪತ್ರ ಕೊಡಬೇಕೆಂದು ಅಧಿನಿಯಮ ಹೇಳುತ್ತದೆ. ಆ ಒಂದು ಪತ್ರದಲ್ಲಿಯೇ, ‘ನಿಮ್ಮ ವಿಳಾಸ ಇಲ್ಲಿದೆ, ಇರಲೇ, ತೆಗೆಯಲೇ?’ ಎಂದು ವಿನಯದಿಂದ ಕೇಳಲಿ. ಉತ್ತರ ಬಾರದ ಹೆಸರನ್ನು ಅಳಿಸಲಿ. ಮೌನವನ್ನು ಸಮ್ಮತಿಯೆಂದು ಓದುವ ಹಳೆಯ ಜಾಣತನ ಇಲ್ಲಿ ಸಲ್ಲದು.

ತೂಕ ಮತ್ತು ಅಳತೆಯ ಶಾಸನಗಳು ಹಳ್ಳಿಗೆ ಬರುವ ಮೊದಲೂ ಸೇರು ತುಂಬಿ ಅಳೆದವರಿದ್ದರು. ಮುದ್ರೆಯೊತ್ತಿದ ಕಲ್ಲು ಬಂದ ಮೇಲೂ ಬೆರಳಿನಿಂದ ತಕ್ಕಡಿ ಒತ್ತಿದವರಿದ್ದರು. ಶಾಸನವು ವರ್ತಕನನ್ನು ಹಿಡಿಯಬಲ್ಲುದೇ ಹೊರತು ಸಜ್ಜನನನ್ನಾಗಿ ಮಾಡಲಾರದು. 2027ರ ಮೇ ತಿಂಗಳವರೆಗೆ ಸಮಯವಿದೆಯೆಂದು ಎಣಿಸುತ್ತ ಕುಳಿತವರಿಗೆ ಆ ದಿನ ಬಂದರೂ ಮತ್ತೊಂದು ಸಂದು ಕಾಣಿಸೀತು. ಒಪ್ಪಿಗೆಯಿಲ್ಲದೆ ಕೂಡಿಸಿಟ್ಟ ಸಾವಿರ ವಿಳಾಸಗಳೂ ಪರಿಗ್ರಹವೇ. ಅವುಗಳಲ್ಲಿ ಇಂದು ಅಳಿಸಬೇಕಾದವು ಎಷ್ಟೆಂಬುದನ್ನು ಪ್ರತಿ ಅಂಗಡಿಯೂ ಪ್ರತಿ ಟ್ರಸ್ಟೂ ತನ್ನ ಪಟ್ಟಿಯನ್ನು ತಾನೇ ತೆರೆದು ಎಣಿಸಿಕೊಳ್ಳಲಿ.